ಹೊನವಾಡದಿಂದ ನಿಡೋಣಿಗೆ ಮೂರು ನಿಮಿಷ

ಡಿಸೆಂಬರ್ 3, ಬುಧವಾರ
ಎರಡು ಕ್ಲಾಸ್ ಮುಗಿಸಿ ಲ್ಯಾಬಿಗೆ. ಚಹಾ ಎಂದಿನಂತೆ ಆರಿಹೋಯಿತು. ಮೂರು ಜಿಪಿಎಸ್ ರಿಸೀವರ್‌ಗಳ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದೆ — ಹೊನವಾಡ, ವಿಜಯಪುರದ ನಮ್ಮ ಕಾಲೇಜು, ನಿಡೋಣಿ. ಹೊನವಾಡದ ಗೆರೆ 11.40ಕ್ಕೆ ಚೆಂದಾಗಿ ಎದ್ದು ಇಳಿದಿದೆ.
ಉಪಗ್ರಹದ ಸಿಗ್ನಲ್ ಹಾಯ್ದು ಬರುವ, ಮುನ್ನೂರು ಕಿಲೋಮೀಟರ್ ಎತ್ತರದ ಅಯಾನುಗೋಳದಲ್ಲಿ ಪ್ಲಾಸ್ಮಾದ ಅಲೆ ದಾಟಿದರೆ ಗೆರೆ ಹೀಗೆ ಏಳುತ್ತದೆ. ಉತ್ತರದ ಮಧ್ಯ ಅಕ್ಷಾಂಶಗಳಲ್ಲಿ, ಚಳಿಗಾಲದ ಹಗಲಲ್ಲಿ, ಇಂಥವು ಎದ್ದು ದಕ್ಷಿಣಕ್ಕೆ ಸಾಗುತ್ತವೆ. ನಮ್ಮವರೆಗೂ ಇಳಿದು ಬರುತ್ತವೆಯೇ? ನನ್ನ ಪಿಎಚ್.ಡಿ. ಇಷ್ಟೇ. ಅಲೆಯ ದಾರಿಯಲ್ಲಿ ಹೊನವಾಡದ ಮುಂದಿರುವ ಉಳಿದೆರಡು ಗೆರೆ ಸಪಾಟು… ದಾರಿಯಲ್ಲೇ ಕರಗಿರಬೇಕು ಎಂದುಕೊಂಡೆ.
ಗೈಡ್ ಪ್ರತಾಪ ಸರ್‌ಗೆ ಫೋನ್. "ಕಾನ್ಫರೆನ್ಸಿಗೆ ಇವತ್ತಽ ಕಳಸ್ರಿ ಸುರೈಯಾ ಮೇಡಮ್," ಎಂದರು. ಪ್ರಬಂಧದ ಸಾರಾಂಶ ಬರೆದು ಕಳಿಸಿಬಿಟ್ಟೆ.

ಡಿಸೆಂಬರ್ 4
ಮತ್ತೆ ಅಲೆ, ಮತ್ತೆ ಹೊನವಾಡ. 11.36. ಸ್ಟೇಷನ್ ರಸ್ತೆಯಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಮನೆಗೆ.

ಡಿಸೆಂಬರ್ 5
11.32.
ದಿನಾ ನಾಲ್ಕು ನಿಮಿಷ ಮೊದಲು. ಉಪಗ್ರಹಗಳು ಹೀಗೆಯೇ, ದಿನಾ ನಾಲ್ಕು ನಿಮಿಷ ಮೊದಲೇ ಅದೇ ಜಾಗಕ್ಕೆ ಬರುತ್ತವೆ — ಕ್ಲಾಸಿನಲ್ಲಿ ನಾನೇ ಹೇಳುವ ಮಾತು. ಅಲೆಗಳಿಗೆ ಅಂಥ ಶಿಸ್ತು ಇಲ್ಲ. ಸಿಗ್ನಲ್ ಯಾವುದಕ್ಕೋ ಬಡಿದು ಆಂಟೆನಾಕ್ಕೆ ಬರುತ್ತಿದೆ. ಆಟ ನಡೆದಿರುವುದು ಆಕಾಶದಲ್ಲಲ್ಲ, ರಿಸೀವರ್ ಇಟ್ಟ ಮಾಳಿಗೆಯ ಮೇಲೆ.
ಸಂಜೆ ಮೇಲ್: ಪ್ರಬಂಧ ಒಪ್ಪಿದ್ದಾರಂತೆ. ಛೇ.

ಡಿಸೆಂಬರ್ 7, ಭಾನುವಾರ
ತಿಕೋಟಾ ದಾಟುವವರೆಗೆ ಬಸ್ಸಿನಲ್ಲಿ ನಿಂತೇ ಹೋದೆ. ಹೊನವಾಡದ ರಿಸೀವರ್ ಇರುವುದು ಗುರುಬಸವ್ವನ ಮಾಳಿಗೆಯ ಮೇಲೆ. ದ್ರಾಕ್ಷಿ ತೋಟದ ಒಡತಿ, ಎಪ್ಪತ್ತು ದಾಟಿದೆ, ನನಗಿಂತ ಮೊದಲು ಮೆಟ್ಟಿಲು ಹತ್ತಿದಳು. ಆಂಟೆನಾದ ಪಕ್ಕಕ್ಕೇ ಹೊಸ ತಗಡು. ಬೀಳದಂತೆ ಹಿಂದೆ ನಾಲ್ಕು ಕಲ್ಲು.
"ಇದನ್ನ ಯಾರು ಇಟ್ಟಾರ್ರಿ, ಯವ್ವಾ?"
"ನಾನಽ ಇಟ್ಟೇನಿ. ಹೋದ ಮಂಗಳವಾರ. ಬಿಸಲಾಗ ಒಂದಽ ಸಮ ನಿಂತಿರತೈತಿ ಪಾಪ, ಜರಾ ನೆರಳಾಗಲಿ ಅಂತ."
ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅದು ಮುಗಿಲು ನೋಡಬೇಕು ಯವ್ವಾ. ಬಾಜೂಕ ತಗಡಿದ್ರ ತಗಡನ್ನಽ ನೋಡಕೋತ ಕುಂಡ್ರತೈತಿ."
"ಹಂಗಿದ್ರ ಮೊದಲಽ ಹೇಳಬಾರದೇನ್ರಿ, ಬಾಯಾರ?" ತಾನೇ ಎತ್ತಿ ಕೆಳಗೊಯ್ದಳು. ಆಮೇಲೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ತಿನ್ನದೆ ಹೋದರೆ ಬಸ್ಸು ಸಿಗುವುದಿಲ್ಲವಂತೆ.

ಡಿಸೆಂಬರ್ 8
ಪ್ರತಾಪ ಸರ್ ಫೋನಿನಲ್ಲಿ: "ಪ್ರೋಗ್ರಾಮದಾಗ ನಿಮ್ಮ ಹೆಸರು ಬಂದೈತ್ರಿ. ಪ್ರಬಂಧ ಹಿಂದಕ್ಕ ತಗೀಲೇಬೇಕೇನು?"
"ತಗಡಿನ ಮ್ಯಾಲೆ ಏನಂತ ಮಾತಾಡ್ಲಿ, ಸರ್?"
ಕೊನೆಗೆ ಅವರೇ "ತಗೀರಿ," ಎಂದರು.
ಮೇಲ್ ಕಳಿಸಿದೆ. ನಾಲ್ಕು ವರ್ಷದ ಕೆಲಸ, ತೋರಿಸಲು ಸಿಕ್ಕಿದ್ದು ಒಂದು ತಗಡು. ಆದರೂ ಮೂರು ದಿನದ ನಂತರ ಇವತ್ತು ನಿಶ್ಚಿಂತೆಯಿಂದ ಉಂಡೆ.

ಡಿಸೆಂಬರ್ 12
ಸಪಾಟು. ಮೂರೂ.

ಡಿಸೆಂಬರ್ 16
ಸಪಾಟು. ಟೆಸ್ಟ್ ಪೇಪರ್ ತಿದ್ದಿದೆ. ಒಬ್ಬಳು ಅಯಾನುಗೋಳ ಸಮುದ್ರದಲ್ಲಿದೆ ಎಂದು ಬರೆದಿದ್ದಾಳೆ. ಇರಲಿ, ಅವಳಿಗಾದರೂ ಅಲ್ಲಿ ಅಲೆ ಸಿಗಬಹುದು.

ಡಿಸೆಂಬರ್ 19, ಶುಕ್ರವಾರ, ಮಧ್ಯಾಹ್ನ 12.05
ನಿಧಾನ… ನಿಧಾನವಾಗಿ ಬರೆಯಬೇಕು.
ಮೂರೂ ಗೆರೆ ಎದ್ದಿವೆ. ಹೊನವಾಡ 11.41. ಕಾಲೇಜು 11.43. ನಿಡೋಣಿ 11.44. ನಿನ್ನೆ ಮೊನ್ನೆಯ ಗೆರೆಗಳನ್ನು ನಾಲ್ಕು ನಾಲ್ಕು ನಿಮಿಷ ಸರಿಸಿ ನೋಡಿದೆ. ಏನೂ ಇಲ್ಲ. ಇವತ್ತಿನದು ಇವತ್ತಿನದೇ.
ಸರ್‌ಗೆ ಫೋನ್. ಅವರು ದನಿ ಏರಿಸಲಿಲ್ಲ. "ಒಮ್ಮೆ ಮೋಸ ಹೋಗೇವಿ. ಇಂಥಾ ಅಲಿ ಒಂದಽ ಬರೂದಿಲ್ಲ, ಅರ್ಧ ತಾಸಿನ್ಯಾಗ ಹಿಂದ ಇನ್ನೊಂದು ಬರಬೇಕು. ಹೊನವಾಡದಾಗ ಎದ್ದ ಕೂಡಲೆ ಉಳಿದೆರಡರ ಟೈಮ್ ಮೊದಲಽ ಬರದಿಡ್ರಿ. ಹಂಗಽ ಬಂದ್ರ ಪೇಢೆ ಹಿಡ್ಕೊಂಡು ನಾನಽ ಬರತೇನಿ."
12.11 — ಹೊನವಾಡ ಎದ್ದಿತು. ಬರೆದಿಡುತ್ತೇನೆ: ಕಾಲೇಜು 12.13, ನಿಡೋಣಿ 12.14.
12.13 — ಕಾಲೇಜು. ಈಗ ನನ್ನ ತಲೆಯ ಮೇಲೆಯೇ ದಾಟುತ್ತಿದೆ. ಕಿಟಕಿಯಾಚೆ ಬರೀ ನೀಲಿ. ಹುಡುಗಿಯರು ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದ್ದಾರೆ, ಒಬ್ಬರೂ ತಲೆ ಎತ್ತಿಲ್ಲ.
12.14 — ನಿಡೋಣಿ ಅಲುಗಿತು, ಏಳುತ್ತಿದೆ. ಬರೆದಿಟ್ಟ ನಿಮಿಷಕ್ಕೇ.