ನೋಯದ ಜಾಗ

ದೊಡವಾಡ
೨೩ ನವೆಂಬರ್ ೧೯೯೮

ಮುದ್ದಿನ ಶೈಲಾ,

ಸೊಲ್ಲಾಪುರದಲ್ಲಿ ಚಳಿ ಶುರುವಾಯಿತೇ? ನಿನ್ನ ಸೊಂಟನೋವು ಹೇಗಿದೆ, ಅಳಿಯಂದಿರ ಕೆಮ್ಮು ಹೋಯಿತೇ? ನಮ್ಮ ಐಶ್ವರ್ಯಾ ಈಗ ಇನ್ಸುಲಿನ್ ಸೂಜಿಗೆ ಅಳುವುದೇ ಇಲ್ಲ, ತಾನೇ ಫ್ರಾಕ್ ಎತ್ತಿ ಕೂರುತ್ತಾಳೆ ಎಂದು ಬರೆದಿದ್ದಿ. ನಿಮ್ಮಪ್ಪ ಅದನ್ನು ಪಕ್ಕದ ಮನೆಯ ಬಾಯವ್ವನಿಗೂ ಓದಿ ಹೇಳಿದರು. ಡಾಕ್ಟರು ಔಷಧ ಮತ್ತೆ ಏರಿಸಿದರೆಂದು ಚಿಂತೆ ಮಾಡಬೇಡ, ಬೆಳೆಯುವ ಕೂಸು. ಅಜ್ಜನಿಗೆ ಮೊಮ್ಮಗಳನ್ನು ನೋಡುವ ಆಸೆ ಬಹಳ. ಆದರೆ ಅವರಿಗೂ ಬಸ್ಸಿಗೂ ಇರುವ ಹಗೆ ನಿನಗೆ ಗೊತ್ತಲ್ಲ, ಯರಗಟ್ಟಿ ಬರುವಷ್ಟರಲ್ಲಿ ವಾಂತಿಗೆಂದು ತಲೆ ಕಿಟಕಿಯ ಹೊರಗಿರುತ್ತದೆ.

ಈಗ ನನ್ನ ಸುದ್ದಿ. ಗಾಬರಿಯಾಗಬೇಡ, ಆರಾಮಿದ್ದೇನೆ. ಹೋದ ವಾರ ಬೈಲಹೊಂಗಲದ ದವಾಖಾನೆಯಲ್ಲಿದ್ದೆ. ಕಾಲಿನ ಹುಣ್ಣು ಮಾಯದೆ ಹೋಯಿತು, ನನ್ನ ಸಕ್ಕರೆಯೂ ಇಳಿಯದೆ ಹೋಯಿತು. ಇನ್ಸುಲಿನ್ ಏರಿಸಿದಷ್ಟೂ ಅದೂ ಏರುತ್ತಿತ್ತು. ನಾನು ಕದ್ದು ತಿನ್ನುತ್ತೇನೆಂದು ಎಲ್ಲರ ಗುಮಾನಿ. ಬಾಯವ್ವನಂತೂ ಓಣಿಯ ತುಂಬ ಹೇಳಿದಳು, “ಬೆಕ್ಕು ಕಣ್ಣ ಮುಚ್ಚಿ ಹಾಲ ಕುಡದಂಗ ನಮ್ಮ ರಾಚವ್ವ ಕರದಂಟ ತಿಂತಾಳ.” ಒಂದು ಚೂರು ಕರದಂಟು ತಿಂದಿದ್ದರೆ ಈ ಮಾತು ಕೇಳಿದ್ದಕ್ಕಾದರೂ ಸಾರ್ಥಕವಾಗುತ್ತಿತ್ತು.

ದವಾಖಾನೆಯಲ್ಲಿ ಮೊದಲ ದಿನ ಸಿಸ್ಟರ್ ಪದ್ಮಜಾ ಬೆಳಿಗ್ಗೆ ತೋಳಿಗೆ ಸೂಜಿ ಹಾಕಿದಳು. ಮನೆಯಲ್ಲಿ ನಿಮ್ಮಪ್ಪ ದಿನಾ ಹಾಕುವಷ್ಟೇ ಔಷಧ. ನಾಷ್ಟಾ ಮಾಡಿ ಸ್ವಲ್ಪ ಹೊತ್ತಾಗಿತ್ತು, ಮೈಯೆಲ್ಲ ಬೆವರು, ಕೈ ನಡುಕ, ನಾಲಿಗೆ ತೊದಲಿತು, ಪದ್ಮಜಾ ಇಬ್ಬರಾಗಿ ಕಂಡಳು. ಅವಳು ಓಡಿ ಬಂದು ಬೆರಳು ಚುಚ್ಚಿ ನೋಡಿ ಸಕ್ಕರೆ ನೀರು ಕುಡಿಸಿದಳು. ನಾನು ಎದ್ದು ಕೂತ ಮೇಲೆ ನಿಮ್ಮಪ್ಪ ಅವಳ ಮೇಲೆ ಏರಿ ಹೋದರು, “ನಿಮ್ಮ ಔಷಧ ಭಾಳ ಜೋರ ಐತಿ, ಹುಷಾರಿಲ್ಲೇನ ನಿಮಗ?” ಆದರೆ ಬಾಟಲಿ ನಮ್ಮದೇ, ಮನೆಯಿಂದ ಒಯ್ದದ್ದು. ನಮ್ಮನೆಯಲ್ಲಿ ನೀರಿನಂತಿದ್ದ ಔಷಧ ಅಲ್ಲಿ ಹೇಗೆ ಹುಲಿಯಾಯಿತು? ಹಾಸಿಗೆಯಲ್ಲಿ ಮಲಗಿ ನನಗೆ ಅದೇ ಯೋಚನೆ. ಪದ್ಮಜಾಗೂ ಅದೇ. ಸಿಟ್ಟು ಮಾಡದೆ ಕೇಳಿದಳು, “ಅಜ್ಜಾರ, ಮನ್ಯಾಗ ಹೆಂಗ ಮಾಡ್ತೀರಿ, ನನಗೊಮ್ಮೆ ತೋರಿಸ್ರಿ.”

ನಿಮ್ಮಪ್ಪ ಪರೀಕ್ಷೆಗೆ ಕೂತ ಹುಡುಗನ ಹಾಗೆ ಕೈ ತೊಳೆದು ಬಂದು, ನನ್ನ ಹೊಕ್ಕುಳಿನ ಎಡಕ್ಕೆ ಬೆರಳಿಟ್ಟು ತೋರಿಸಿದರು. ಅವಳು ಅಲ್ಲಿ ಒತ್ತಿ ನೋಡಿದಳು, ಬಲಗಡೆ ಒತ್ತಿ ನೋಡಿದಳು. ಎಡಕ್ಕೆ ಚರ್ಮದ ಕೆಳಗೆ ಗಟ್ಟಿ ಹಿಟ್ಟಿನ ಉಂಡೆಯಂಥ ಗಂಟು. ದಿನಾ ಅಲ್ಲಿಯೇ ಏಕೆ ಎಂದರೆ ನಿಮ್ಮಪ್ಪ ಹೇಳಿದರು, “ಅಲ್ಲಿ ಚುಚ್ಚಿದರ ಆಕಿಗೆ ನೋವಾಗಂಗಿಲ್ರಿ. ಬ್ಯಾರೆ ಕಡೆ ಚುಚ್ಚಿದರ ಮಾರಿ ಕಿವಚತಾಳ.” ಇಷ್ಟು ವರ್ಷ ಸಂಸಾರ ಮಾಡಿದೆ ಶೈಲಾ, ಈ ಮನುಷ್ಯ ನನ್ನ ಮುಖ ನೋಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಸೆರಗಿನಲ್ಲಿ ಒರೆಸಿಕೊಂಡೆ.

ಪದ್ಮಜಾ ಬಿಡಿಸಿ ಹೇಳಿದಳು. ಒಂದೇ ಕಡೆ ಚುಚ್ಚಿದರೆ ಅಲ್ಲಿ ಗಂಟು ಕಟ್ಟುತ್ತದೆ, ನೋವು ತಿಳಿಯುವುದಿಲ್ಲ, ಔಷಧವೂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ತೋಳಿನ ಮೆತ್ತಗಿನ ಜಾಗದಲ್ಲಿ ಪೂರ್ತಿ ಸೇರಿತು, ಅದಕ್ಕೇ ನನ್ನ ಜೀವ ತೇಲಾಡಿತು. ಡಾಕ್ಟರು ಔಷಧ ಬಹಳ ಇಳಿಸಿದರು. ಹುಣ್ಣು ಈಗ ಒಣಗುತ್ತಿದೆ. ನಿಮ್ಮಪ್ಪ ದಿನಾ ಜಾಗ ಬದಲಿಸಿ, ಬಿತ್ತುವ ಕೂರಿಗೆಯ ಸಾಲಿನ ಹಾಗೆ ಬೆರಳಷ್ಟು ಸರಿದು ಚುಚ್ಚುತ್ತಾರೆ. ನೋಯುತ್ತದೆ. ನಾನು ಮುಖ ಕಿವುಚುತ್ತೇನೆ, ಅವರು ಸೂಜಿ ತೆಗೆದದ್ದೇ ಗೋಡೆಯ ಕಡೆ ತಿರುಗುತ್ತಾರೆ. ಬಾಯವ್ವನ ಬಾಯಿ ಮಾತ್ರ ಇನ್ನೂ ಮುಚ್ಚಿಲ್ಲ.

ನೀವು ಮೂವರೂ ತಣ್ಣಗಿರಿ. ಕೂಸಿನ ಎರಡೂ ಗಲ್ಲಕ್ಕೆ ನನ್ನ ಮುದ್ದು.

ನಿನ್ನ ಅವ್ವ,
ರಾಚವ್ವ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ನಿಮ್ಮಪ್ಪ ನಿನ್ನ ಪತ್ರ ಇನ್ನೊಮ್ಮೆ ಓದಿದರು. ‘ಅಳುವುದೇ ಇಲ್ಲ’ ಎಂಬಲ್ಲಿ ನಿಂತುಬಿಟ್ಟರು. ಶೈಲಾ, ಕೂಸಿಗೆ ದಿನಾ ಎಲ್ಲಿ ಚುಚ್ಚುತ್ತಿ? ಬೆರಳಿಟ್ಟು ಒತ್ತಿ ನೋಡು. ಗಂಟಿದ್ದರೆ ಮೊದಲು ಡಾಕ್ಟರಿಗೆ ತೋರಿಸು. ನೀನಾಗಿಯೇ ಜಾಗ ಬದಲಿಸಿ ಅಷ್ಟೇ ಔಷಧ ಹಾಕಬೇಡ, ನನಗಾದದ್ದು ಅದಕ್ಕೂ ಆದೀತು. ಇದನ್ನು ಪೋಸ್ಟಿಗೆ ಹಾಕುತ್ತಿಲ್ಲ. ನಿಮ್ಮಪ್ಪ ಕಿಸೆಯಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಸೊಲ್ಲಾಪುರದ ಬಸ್ಸಿಗೆ ಹೊತ್ತಾಯಿತು. ಕೂಸು ಅತ್ತರೆ ಅಳಲಿ.