ಮಾವನ ಜೇಬಿನ ಮ್ಯಾಗ್ನೆಟ್

ಪ್ಲಾಂಟ್ ಕಾಲೋನಿ, ಮಹಡಿ ಮನೆ
ಹದಿನಾಲ್ಕನೇ ತಾರೀಕು, ಮಂಗಳವಾರ ಮಧ್ಯಾಹ್ನ

ನನ್ನ ಪ್ರೀತಿಯ 'ಹ್ಞೂಂ' ಸಾಹೇಬರೇ,

ಹೇಗಿದ್ದೀಯ? ಟ್ರೇನಿಂಗ್ ಹಾಸ್ಟೆಲಿನ ಊಟ ಸೇರುತ್ತಿದೆಯಾ? ಕೆಮ್ಮು ಕಡಿಮೆಯಾಯಿತಾ? ಟಾನಿಕ್ ಬಾಟಲಿಯನ್ನು ನಿನ್ನ ನೀಲಿ ಸಾಕ್ಸಿನೊಳಗೆ ಇಟ್ಟಿದ್ದೆ, ಸಿಕ್ಕಿತು ತಾನೆ? ಪತ್ರದಲ್ಲಿ 'ನೀನು' ಎಂದೇ ಬರೆಯುತ್ತೇನೆ. ಅತ್ತೆ ಮಾವನ ಎದುರು 'ಅವರು, ಇವರು' ಎಂದು ಹೇಳಿ ಹೇಳಿ, ಯಾರೋ ಹೆಡ್‌ಮಾಸ್ಟರನ್ನು ಮದುವೆಯಾದ ಹಾಗೆ ಅನಿಸುತ್ತಿದೆ. ಇಷ್ಟುದ್ದ ಕನ್ನಡ ಬರೆದು ಎಷ್ಟು ವರ್ಷವಾಯಿತೋ! ನಮ್ಮ ಇಂಗ್ಲಿಷ್ ಶಾಲೆಯಲ್ಲಿ ಮನೆ ಮಾತು ಆಡಿದರೆ ಫೈನ್ ಹಾಕುತ್ತಿದ್ದರು, ಆದ್ದರಿಂದ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ಇಂಗ್ಲಿಷಿನಲ್ಲೇ ಬರೆಯಬಹುದಿತ್ತು, ಆದರೆ ಇಂಗ್ಲಿಷಿನಲ್ಲಿ ನನಗೆ ಸರಿಯಾಗಿ ಸಿಟ್ಟು ಬರಲ್ಲ.

ಹೌದು, ಸಿಟ್ಟು ಬಂದಿದೆ. ನಿನ್ನ ದಿಂಬನ್ನು ತಬ್ಬಿಕೊಂಡು ಮಲಗುತ್ತೇನೆ, ಬೆಳಗ್ಗೆ ಎದ್ದು ಅದಕ್ಕೇ ಎರಡು ಗುದ್ದು ಕೊಡುತ್ತೇನೆ. ಅಷ್ಟು ಪ್ರೀತಿ, ಅಷ್ಟು ಸಿಟ್ಟು.

ನಿನ್ನ ಊರು ನನಗೆ ಇಷ್ಟವಾಗಿಲ್ಲ ಎಂದುಕೊಳ್ಳಬೇಡ. ಸ್ಟೀಲ್ ಪ್ಲಾಂಟಿನ ಸೈರನ್ ಕೂಗಿದರೆ ಊರಿಗೆ ಊರೇ ಒಟ್ಟಿಗೆ ಹಲ್ಲುಜ್ಜುತ್ತದೆ, ಎಷ್ಟು ಮಜಾ! ಬಸ್ ಸ್ಟಾಪಿನ ಬೆಂಚು, ಪಾರ್ಕಿನ ಜಾರುಬಂಡೆ, ಆಸ್ಪತ್ರೆಯ ಮೆಟ್ಟಿಲಿನ ಕಂಬಿ, ಎಲ್ಲವೂ ನಿಮ್ಮ ಸ್ಟೀಲೇ. ಬಿಸಿಲಿಗೆ ಬೆಂಚಿನ ಮೇಲೆ ಕೂತರೆ ಚುರ್ರೆನ್ನುತ್ತದೆ, ಆದರೂ ಯಾರೂ ದೂರುವುದಿಲ್ಲ, ಮನೆ ಮಗುವಿನ ತುಂಟತನ ಸಹಿಸಿಕೊಂಡ ಹಾಗೆ. ಹಾಲಿನ ಅಂಗಡಿಯವನು ನನ್ನ ಹೆಸರನ್ನೇ ಕೇಳಲಿಲ್ಲ. "ಯಾವ ಡಿಪಾರ್ಟ್‌ಮೆಂಟಮ್ಮಾ?" ಎಂದ. "ರೋಲಿಂಗ್" ಎಂದೆ. "ಓಹೋ, ಇನ್‌ಸ್ಪೆಕ್ಟರ್ ಸಾಹೇಬರ ಸೊಸೆ!" ಎಂದು ಹೊಸ ಪ್ಯಾಕೆಟ್ ತೆಗೆದುಕೊಟ್ಟ. ಮಾವ ರಿಟೈರಾಗಿ ಇಷ್ಟು ಕಾಲವಾದರೂ ಊರಿಗೆ ಅವರು ಸ್ಟೀಲಿನ ಗುಣಮಟ್ಟ ನೋಡುವ ಇನ್‌ಸ್ಪೆಕ್ಟರೇ. ಪಾತ್ರೆ ಅಂಗಡಿಯಲ್ಲಂತೂ ಹೆಂಗಸರು ಟೊಮೇಟೊ ಒತ್ತಿ ನೋಡುವ ಹಾಗೆ, ಕೀ ಚೈನಿನ ಮ್ಯಾಗ್ನೆಟ್ ಹಿಡಿದು ಒಂದೊಂದು ಲೋಟವನ್ನೂ ಮುಟ್ಟಿ ನೋಡುತ್ತಾರೆ. ಅಂಟಿದರೆ ಕಳಪೆ, ಅಂಟದಿದ್ದರೆ ಅಸಲಿ. ಊರಿಗೆಲ್ಲ ಆ ಪಾಠ ಹೇಳಿಕೊಟ್ಟಿದ್ದು ಮಾವನೇ ಅಂತೆ.

ಆ ಪಾಠ ನನ್ನ ಅಮ್ಮನ ತಲೆಯ ಮೇಲೆ ಬಿದ್ದ ದಿನ ನೀನೂ ಅಲ್ಲೇ ಇದ್ದೆ. ಅಮ್ಮ ಹೊಲಿಗೆ ಮೆಷಿನ್ನಿಗೆ ರಜ ಹಾಕಿ, ಅಂಗಡಿ ಅಂಗಡಿ ತಿರುಗಿ ನಮ್ಮ ಮದುವೆಗೆಂದು ಆರಿಸಿದ ಪಾತ್ರೆಗಳು. ಒಂದೊಂದನ್ನೂ ಹಳೆ ಟವೆಲಿನಲ್ಲಿ ಸುತ್ತಿ ಕಳಿಸಿದ್ದಳು. ಹಾಲ್ ತುಂಬ ಪಕ್ಕದ ಮನೆಯವರು. ಮಾವ ಜೇಬಿನಿಂದ ತಮ್ಮ ಕುದುರೆ ಲಾಳದಂಥ ಮ್ಯಾಗ್ನೆಟ್ ತೆಗೆದರು (ಅದನ್ನಿಟ್ಟುಕೊಂಡು ಓಡಾಡಿ ಎಷ್ಟು ವಾಚು ಕೆಡಿಸಿದ್ದಾರೋ, ಈಗ ಟೈಮ್ ತಿಳಿಯಲು ಪಾಪ ಸೈರನ್ನೇ ಗತಿ). ದೊಡ್ಡ ಪಾತ್ರೆಗೆ ಹಿಡಿದರು. ಟಕ್! ಡಬ್ಬಕ್ಕೆ ಹಿಡಿದರು. ಟಕ್! ಅವರು ಬೈದಿದ್ದರೆ ನಾನೂ ಮೂಗು ಮುರಿದು ಸುಮ್ಮನಾಗುತ್ತಿದ್ದೆ. ಅವರು ತಲೆ ಸವರಿ, "ಹೋಗ್ಲಿ ಬಿಡು ಮಗಳೇ, ನಿಮ್ಮಮ್ಮನಿಗೇನು ಗೊತ್ತು ಪಾಪ, ಯಾರೋ ಟೋಪಿ ಹಾಕಿದಾರೆ" ಅಂದರು. ಆ 'ಪಾಪ' ಇದೆಯಲ್ಲ, ಅದು ಇನ್ನೂ ನನ್ನ ಕಿವಿಯಲ್ಲಿ ಕೂತಿದೆ. ನಿಮ್ಮ ಪ್ಲಾಂಟಿನದೇ ಸ್ಟಿಕರ್ ಇತ್ತು, ನಿನ್ನ ಹೆಲ್ಮೆಟ್ಟಿನ ಮೇಲಿರುವ ಅದೇ ಚಿಹ್ನೆ. ತೋರಿಸಿದೆ. "ಸ್ಟಿಕರ್ ಯಾರು ಬೇಕಾದ್ರೂ ಹಾಕ್ಕೋಬಹುದು" ಅಂದರು. ಎಲ್ಲವೂ ಅಟ್ಟ ಸೇರಿತು.

ಈಗ ನಿನ್ನ ಸರದಿ. ನಿಶ್ಚಯವಾದ ಹೊಸತರಲ್ಲಿ ಫೋನಿನಲ್ಲಿ ನನ್ನ ಜೊತೆ ಏನು ಮಾತಾಡುತ್ತಿದ್ದೆ, ನೆನಪಿದೆಯಾ? ಗೆಳತಿಯರ ಹುಡುಗರೆಲ್ಲ ಚಂದಿರ, ತಾರೆ ಎನ್ನುತ್ತಿದ್ದರೆ ನನ್ನ ರಾಜಕುಮಾರ ನಿಕ್ಕಲ್, ಕ್ರೋಮಿಯಂ ಎನ್ನುತ್ತಿದ್ದ! ನಿಕ್ಕಲ್ ದುಬಾರಿಯಾಗಿ ಪ್ಲಾಂಟೇ ಮುಚ್ಚುವ ಹಾಗಾಗಿತ್ತು, ನಿಕ್ಕಲ್ ಇಲ್ಲದ ಸ್ಟೀಲ್ ಹಾಳೆ ಮಾಡುವ ಹೊಸ ಲೈನ್ ಬಂದ ಮೇಲೆ ಊರು ಉಸಿರಾಡಿತು, ಅದಕ್ಕೆ ಮ್ಯಾಗ್ನೆಟ್ ಅಂಟುತ್ತದೆ, ಆದರೆ ಅಡುಗೆಮನೆಯಲ್ಲಿ ತುಕ್ಕು ಹಿಡಿಯಲ್ಲ, ನಾನೀಗ ಅದೇ ಲೈನಿನಲ್ಲಿದ್ದೇನೆ ಎಂದು ಎಷ್ಟು ಜಂಬದಿಂದ ಹೇಳಿದ್ದೆ. ನಾನೂ ಪ್ರೇಮಗೀತೆ ಕೇಳಿದ ಹಾಗೆ ಕಣ್ಣು ಮುಚ್ಚಿ ಕೇಳಿದ್ದೆ. ಹಾಗಿದ್ದ ಮೇಲೆ 'ಟಕ್' ಅಂದ ಕೂಡಲೇ "ಅಪ್ಪಾ, ಇದು ನಾನೇ ಉರುಳಿಸಿದ ಹಾಳೆ ಇರಬಹುದು" ಅನ್ನಬಾರದಿತ್ತಾ? ನಾನು ನಿನ್ನ ಮುಖ ನೋಡಿದೆ. ನೀನು ಫ್ಯಾನ್ ನೋಡಿದೆ. ಆಮೇಲೆ ರೂಮಿನಲ್ಲಿ, "ಅಪ್ಪನಿಗೆ ನಾನು ಹಳೇ ಲೈನಲ್ಲೇ ಇದೀನಿ ಅಂತ ಗೊತ್ತಿರೋದು. ಹೊಸ ಲೈನಲ್ಲಿ ವಾಹನಗಳ ಸೈಲೆನ್ಸರಿಗೆ ಮಾತ್ರ ಹಾಳೆ ಮಾಡ್ತಾರೆ ಅಂದ್ಕೊಂಡಿದಾರೆ. ಅದನ್ನ ಅವರು ಸ್ಟೀಲ್ ಅಂತಾನೇ ಕರೆಯಲ್ಲ. ಟೈಮ್ ನೋಡಿ ಹೇಳ್ತೀನಿ" ಅಂದೆ. ಎಂಥ ಟೈಮು ಮಾರಾಯ? ಈಗ ಹೋಗಿರುವ ಟ್ರೇನಿಂಗ್ ಕೂಡ ಹೊಸ ಲೈನಿನದೇ, ಅದನ್ನೂ ಮುಚ್ಚಿಟ್ಟಿದ್ದೀಯ! ನಿನ್ನ ಮರ್ಯಾದೆ ಜೇಬಿನಲ್ಲಿ ಭದ್ರ, ನನ್ನ ಅಮ್ಮನದು ಅಟ್ಟದ ಮೇಲೆ.

ಅತ್ತೆಗೆ ಎಲ್ಲ ಗೊತ್ತು, ಅದು ನಿನಗೆ ಗೊತ್ತಾ? ನಿನ್ನೆ ಪಾತ್ರೆ ಒರೆಸುತ್ತಾ ಪಿಸುಗುಟ್ಟಿದರು: "ನನ್ನ ಎರಡು ಡಬ್ಬಕ್ಕೂ ಅಂಟುತ್ತೆ ಕಣೇ. ಅವರ ಕಣ್ಣಿಗೆ ಬೀಳದ ಹಾಗೆ ಹಿಂದೆ ಇಟ್ಟಿದೀನಿ. ಚಿನ್ನದಂಥ ಡಬ್ಬ!" ಒಂದೇ ಮನೆಯಲ್ಲಿ ಮೂವರಿಗೆ ಗೊತ್ತು, ನಾಲ್ಕನೆಯವರಿಗೆ ಹೇಳಲು ಮೂವರಿಗೂ ಧೈರ್ಯವಿಲ್ಲ.

ಭಾನುವಾರ ಏನಾಯಿತು ಕೇಳು. ಮಾವ ಅಟ್ಟದಿಂದ ಆ ದೊಡ್ಡ ಪಾತ್ರೆ ಇಳಿಸಿ ಬಾಲ್ಕನಿಯಲ್ಲಿ ಗಿಡ ನೆಡಲೆಂದು ಬುಡಕ್ಕೆ ತೂತು ಕೊರೆದರು. ಡ್ರಿಲ್ಲಿನ ಬಿಟ್ ಎರಡು ಸಲ ಮುರಿಯಿತು. "ಏನು ಗಟ್ಟಿ ಇದೆಯಪ್ಪಾ ಇದು!" ಎಂದು ಬೆವರು ಒರೆಸಿಕೊಂಡರೇ ಹೊರತು, ಕಳಪೆ ಪಾತ್ರೆ ಹೀಗೇಕೆ ಹಟ ಮಾಡುತ್ತಿದೆ ಎಂದು ಅವರಿಗೆ ಹೊಳೆಯಲಿಲ್ಲ. ನಾನು ಪಾತ್ರೆ ಅಲುಗದ ಹಾಗೆ ಹಿಡಿದುಕೊಂಡಿದ್ದೆ, ತುಟಿ ಕಚ್ಚಿಕೊಂಡು. ಈಗ ಅದರಲ್ಲಿ ಒಂದು ಕ್ರೋಟನ್ ಗಿಡ ಹಾಯಾಗಿ ನಿಂತಿದೆ. ಅದೇ ಸಂಜೆ ಅಮ್ಮನ ಫೋನು: "ಆ ದೊಡ್ಡದರಲ್ಲಿ ಹಾಲು ಕಾಯಿಸ್ತೀಯೇನೇ? ತಳ ಹಿಡಿಯಲ್ಲ ತಾನೆ?" ನಾನು "ಇಲ್ಲಮ್ಮ, ಚೆನ್ನಾಗಿದೆ" ಎಂದೆ. ಶನಿವಾರ ಬರುತ್ತಾಳೆ. ಮೊದಲು ಅಡುಗೆಮನೆಗೇ ಹೋಗುವವಳು ಅವಳು. ಆಮೇಲೆ ಬಾಲ್ಕನಿಗೆ. ಮಾವ ಮತ್ತೆ ಆ ಮ್ಯಾಗ್ನೆಟ್ ತೆಗೆದು, ಅವಳಿಗೇ ಪಾಠ ಹೇಳಿ, ಅವಳ ಎದುರೇ 'ಪಾಪ' ಅಂದರೆ ನಾನೇನು ಮಾಡಲಿ, ಹೇಳು!

ಅತ್ತೆ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಮಾವ, ಹಳೇ ಲೈನಿನ ಟ್ರೇನಿಂಗ್ ಚೆನ್ನಾಗಿ ಕಲಿತು ಬಾ ಎಂದು ಹರಸಿದ್ದಾರೆ. ಆ ಆಶೀರ್ವಾದವನ್ನು ಎಲ್ಲಿ ಇಟ್ಟುಕೊಳ್ಳುತ್ತೀಯೋ ನೋಡು. ನನ್ನದು ಎಂದಿನಂತೆ, ಲೆಕ್ಕವಿಲ್ಲದಷ್ಟು ಮುತ್ತು, ಒಂದೇ ಒಂದು ಗುದ್ದು.

ಇಂತಿ, ನೀನೇ ಹೆಸರಿಟ್ಟ, ಆಫ್ ಮಾಡಲು ಬಾರದ
ನಿನ್ನ ರೇಡಿಯೋ

ಮರೆತೇಬಿಟ್ಟಿದ್ದೆ: ಲಕೋಟೆ ಯಾಕಿಷ್ಟು ಭಾರ, ಫೋನ್ ಬಿಟ್ಟು ಪತ್ರ ಯಾಕೆ ಎಂದು ಕೇಳುತ್ತೀಯಲ್ಲ? ಬಟ್ಟೆಯಲ್ಲಿ ಸುತ್ತಿದ್ದೇನೆ, ಬಿಚ್ಚಿ ನೋಡು. ಹೌದು, ಅದೇ. ಮಾವ ಬೆಳಗ್ಗೆಯಿಂದ ಸೋಫಾದ ಕೆಳಗೆಲ್ಲ ಬಗ್ಗಿ ಹುಡುಕುತ್ತಿದ್ದಾರೆ. ಪಾಪ! ಅತ್ತೆ ನನ್ನ ಮುಖ ನೋಡಿ, ಏನೂ ಕೇಳದೆ, ಲಕೋಟೆ ಅಂಟಿಸಲು ಗೋಂದು ಕೊಟ್ಟರು. ಇದನ್ನು ಪೋಸ್ಟಿನಲ್ಲಿ ವಾಪಸ್ ಕಳಿಸಬೇಡ. ಶನಿವಾರ ನನ್ನ ಅಮ್ಮ ಬರುವುದರೊಳಗೆ ನೀನೇ ತಂದು ಮಾವನ ಕೈಗೆ ಕೊಡು, ಯಾವ ಲೈನಿನಲ್ಲಿದ್ದೀಯೆಂದು ಬಾಯಿಬಿಟ್ಟು ಹೇಳಿ ಕೊಡು. ಈ ಸಲ ಬರೀ 'ಹ್ಞೂಂ' ನಡೆಯಲ್ಲ.