ಕಿಟಕಿಯಾಚೆ ಏನು ಕಾಣುತ್ತೆ?

ಶಾಲೆಯ ಗ್ರಂಥಾಲಯ,
ಮಾರ್ಚ್ ೧೨, ಬುಧವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಏನಂತಿದೆ? ಡಾಕ್ಟರು ಕೊಟ್ಟ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ದೊಡ್ಡಮ್ಮನ ಕಾಲಿಗೇ ಎಲ್ಲ ಸವರಿ ಖಾಲಿ ಮಾಡಿದೆಯೋ? ನೀವಿಬ್ಬರು ಅಕ್ಕತಂಗಿಯರು ಒಂದೇ ಸೂರಿನಡಿ ಇದ್ದೀರಿ, ಟೀವಿಯ ರಿಮೋಟಿಗಾಗಿ ಎಷ್ಟು ಕಿತ್ತಾಡುತ್ತೀರೋ ದೇವರಿಗೇ ಗೊತ್ತು. ಆದರೂ ನೀನು ನಿನ್ನ ಮನೆಗೆ ಬೀಗ ಹಾಕಿ ಅಲ್ಲಿಗೆ ಹೋದದ್ದರಿಂದ ನನಗೆ ಅರ್ಧ ಸಮಾಧಾನ. ನೀನು ಫೋನ್ ಬಿಟ್ಟದ್ದೂ, ಆ ಮನೆಯಲ್ಲಿ ಫೋನೇ ಇಲ್ಲದ್ದೂ ಒಳ್ಳೆಯದೇ ಆಯಿತು. ದಿನಕ್ಕೊಂದು ಹೊಸ ನಂಬರಿನಿಂದ "ಅತ್ತೇ, ನನ್ನ ಮಗಳನ್ನ ಎಲ್ಲಿ ಬಚ್ಚಿಟ್ಟಿದ್ದೀರಿ?" ಎಂದು ಕೇಳಿಸಿಕೊಂಡು ನೀನಾದರೂ ಎಷ್ಟು ದಿನ ಬದುಕುತ್ತಿದ್ದೆ! ನಿನ್ನ ಅಳಿಯ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಅವನು ಎಂದೇ ಬರೆಯುತ್ತೇನೆ, ನಿನಗೆ ಅರ್ಥವಾಗುತ್ತದೆ.

ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು ಅಂದುಕೊಂಡೇ ಕೂತೆ. ಆದರೆ ಆ ಸಾಲನ್ನು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಪರೀಕ್ಷೆ ನಡೆಯುತ್ತಿರುವುದರಿಂದ ಗ್ರಂಥಾಲಯದಲ್ಲಿ ಒಬ್ಬರೂ ಇಲ್ಲ. ಹೊರಗಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಕಪಾಟುಗಳ ಹಿಂದಿನ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಮೊಮ್ಮಗಳು ಮೇಲಿನ ಮಹಡಿಯಲ್ಲಿ ಗಣಿತದ ಪರೀಕ್ಷೆ ಬರೆಯುತ್ತಿದ್ದಾಳೆ. ಅವಳು ಕೆಳಗಿಳಿದು ಬರುವವರೆಗೆ ನನಗೆ ಉಸಿರಿಲ್ಲ.

ನಮ್ಮ ಓದುಗರ ಬಳಗದ ವಿಷಯ ಹಿಂದೆ ಬರೆದಿದ್ದೆನಲ್ಲ. ನಮ್ಮ ಶಾಲೆ, ಪಕ್ಕದ ಶಾಲೆ, ಸಾರ್ವಜನಿಕ ಗ್ರಂಥಾಲಯ ಮೂರೂ ಸೇರಿ ಕಂಪ್ಯೂಟರಿನಲ್ಲಿ ಒಂದೇ ಪುಟ ಇಟ್ಟಿದ್ದೇವೆ. ಒಂದೇ ಹಾಳೆಯ ಮೇಲೆ ಎಲ್ಲರೂ ಏಕಕಾಲಕ್ಕೆ ಬರೆದಂತೆ. ಒಬ್ಬಳು ಇಲ್ಲಿ ಕೂತು ಒಂದು ಪುಸ್ತಕ ಹೊಗಳಿದರೆ, ಅಲ್ಲೊಬ್ಬ ಪಕ್ಕದಲ್ಲೇ "ಸುಳ್ಳು, ಅದು ಬೋರು" ಎಂದು ಟಿಪ್ಪಣಿ ಹಾಕುತ್ತಾನೆ. ಬಾಯಿ ತೆರೆಯದ ಮಕ್ಕಳು ಕೂಡ ಅದರಲ್ಲಿ ಹರಟುವುದನ್ನು ನೋಡಿ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತೇ! ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಬೇಡ, ನಿನ್ನ ಮೊಮ್ಮಗಳು ಬರೆದದ್ದನ್ನು ಹೆಡ್‌ಮೇಡಮ್ಮು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿ ನಗಿಸಿದರು. ಮಕ್ಕಳು ನಿಜವಾದ ಹೆಸರು ಹಾಕಬಾರದು, ಅಡ್ಡಹೆಸರು ಸಾಕು ಎಂದು ನಾನೇ ನಿಯಮ ಮಾಡಿದ್ದೆ. ಅವಳು ಚಿನಕುರಳಿ ಎಂದು ಹಾಕಿಕೊಂಡಿದ್ದಳು. ಮನೆಯಲ್ಲಿ ಕರೆಯುವ ಹೆಸರು, ಹೊರಗಿನವರಿಗೆ ಏನು ತಿಳಿಯುತ್ತದೆ ಎಂದು ನಾನೂ ಸುಮ್ಮನಿದ್ದೆ. ಆ ಹೆಸರಿಟ್ಟವನು ಅವನೇ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ ನೋಡು.

ಮೊದಲು ನಾವು ಸೇರಿಸಿದವರಿಗೆ ಮಾತ್ರ ಪುಟ ತೆರೆದುಕೊಳ್ಳುತ್ತಿತ್ತು. ತಂದೆತಾಯಿಯರು "ನಮಗೆ ಒಳಗೆ ಹೋಗೋಕೇ ಆಗ್ತಿಲ್ಲ" ಎಂದು ದೂರಿದ್ದಕ್ಕೆ, ಲಿಂಕ್ ಇದ್ದವರೆಲ್ಲ ಓದಬಹುದು, ಬರೆಯಬಹುದು ಎಂದು ನಮ್ಮ ಕಂಪ್ಯೂಟರ್ ಮೇಷ್ಟ್ರು ಬದಲಾಯಿಸಿದರು. ಆಮೇಲೆ ಆ ಲಿಂಕನ್ನು ಶಾಲೆಯ ವೆಬ್‌ಸೈಟಿನಲ್ಲೂ ಹಾಕಿದರಂತೆ. ಅದು ನನಗೆ ಇವತ್ತೇ ಗೊತ್ತಾದದ್ದು. ಈ ವಾರ ಮಕ್ಕಳಿಗೆ ಕೊಟ್ಟ ವಿಷಯ "ನಾನು ಓದುವ ಜಾಗ". ಅವಳು ಪರೀಕ್ಷೆಗೆ ಹೋದ ಮೇಲೆ, ಯಾರು ಏನು ಬರೆದಿದ್ದಾರೆ ಎಂದು ನೋಡುತ್ತಿದ್ದೆ. ಮೂಲೆಯಲ್ಲಿ ಇನ್ನೊಬ್ಬರೂ ಪುಟ ತೆರೆದಿದ್ದಾರೆ ಎಂದು ತೋರಿಸುತ್ತಿತ್ತು, ಹೆಸರಿಲ್ಲ, ಅನಾಮಿಕ ಎಂದಷ್ಟೇ. ಯಾರೋ ಪೋಷಕರು ಅಂದುಕೊಂಡೆ. ಅವರ ಕರ್ಸರ್ ಒಂದೊಂದೇ ಮಗುವಿನ ಹೆಸರು ದಾಟಿ ಕೆಳಗಿಳಿಯಿತು. "ಕಿಟಕಿಯ ಪಕ್ಕ ಕೂತು ಓದುತ್ತೇನೆ" ಎಂದು ಬರೆದಿದ್ದ ಚಿನಕುರಳಿಯ ಸಾಲಿನ ಮುಂದೆ ಬಂದು ನಿಂತಿತು. ಅಲ್ಲೇ ಮಿಣುಕುತ್ತಾ ನಿಂತೇ ಇತ್ತು. ಪಕ್ಕದಲ್ಲಿ ಮೊದಲೇ ಹಾಕಿದ್ದ ಒಂದು ಟಿಪ್ಪಣಿ ಕಾಣಿಸಿತು: "ಚಿನಕುರಳಿ, ನಿನ್ನ ಕಿಟಕಿಯಾಚೆ ಏನು ಕಾಣುತ್ತೆ? ನಿಜ ಹೇಳು. ನಿಜ ಹೇಳಿದ್ರೆ ನಾನು ಏನೂ ಮಾಡಲ್ಲ."

ಅಮ್ಮಾ, ಅದು ಅವನ ಮಾತು. ಆ ಮಾತನ್ನು ನಾನು ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಎಷ್ಟು ಸಲ ಕೇಳಿದ್ದೇನೆ! ಅಷ್ಟೇ ಮೆತ್ತಗೆ ಹೇಳುತ್ತಿದ್ದ. ನಿಜ ಹೇಳಿದ ಮೇಲೆ ಏನಾಗುತ್ತಿತ್ತು ಎಂಬುದು ನನ್ನ ಎಡಗೈ ಮೂಳೆಗೆ ಗೊತ್ತು, ಆಸ್ಪತ್ರೆಯಲ್ಲಿ ಕಾವಲು ಕೂತಿದ್ದ ನಿನಗೆ ಗೊತ್ತು. ಟಿಪ್ಪಣಿಯ ಕೆಳಗೆ "ಒಂದು ಉತ್ತರ" ಎಂದಿತ್ತು. ಒತ್ತಲು ಬೆರಳು ಚಾಚಿದೆ. ಅಷ್ಟರಲ್ಲಿ ಕಣ್ಣೆದುರಿಗೇ ಪ್ರಶ್ನೆ, ಉತ್ತರ ಎರಡೂ ಮಾಯವಾದವು. ಕರ್ಸರೂ ಇಲ್ಲ. ಪುಟ ಏನೂ ಆಗದ ಹಾಗೆ ಬೆಳ್ಳಗೆ ಬಿದ್ದುಕೊಂಡಿತ್ತು. ನಾನು ಅವನನ್ನು ನೋಡುತ್ತಿದ್ದಷ್ಟು ಹೊತ್ತೂ ಅವನಿಗೂ ಮೂಲೆಯಲ್ಲಿ ನನ್ನ ಹೆಸರು ಕಾಣುತ್ತಿತ್ತು.

ಚಪ್ಪಲಿ ಮೆಟ್ಟುವುದನ್ನೂ ಮರೆತು ಹೆಡ್‌ಮೇಡಮ್ ಕೋಣೆಗೆ ಓಡಿದೆ. ಮೊದಲು "ಯಾರೋ ಪೋಷಕರು ತಮಾಷೆಗೆ ಬರೆದಿರ್ತಾರೆ, ನೀವು ನೀರು ಕುಡೀರಿ" ಅಂದರು. ಎಲ್ಲ ಹೇಳಿದೆ. ಇಷ್ಟು ದಿನ ಮುಚ್ಚಿಟ್ಟದ್ದು, ಅವನು ನಮ್ಮ ಹತ್ತಿರ ಸುಳಿಯಬಾರದು ಎಂಬ ಕೋರ್ಟಿನ ಆದೇಶ, ಎಲ್ಲ. ಅವರು ತಕ್ಷಣ ಎದ್ದರು. ಕಂಪ್ಯೂಟರ್ ಮೇಷ್ಟ್ರನ್ನು ಕರೆಸಿ ಪುಟ ಮುಚ್ಚಿಸಿದರು, ಠಾಣೆಗೆ ತಾವೇ ಫೋನ್ ಮಾಡಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಅಳಿಸಿದ ಟಿಪ್ಪಣಿ ಮತ್ತೆ ಸಿಗುತ್ತದೆಯೇ ಎಂದು ಮೇಷ್ಟ್ರನ್ನು ಕೇಳಿದೆ. "ಕಂಪನಿಯವರನ್ನ ಕೇಳ್ಬೇಕು ಮೇಡಮ್, ಸಿಕ್ಕರೂ ತಡ ಆಗುತ್ತೆ" ಅಂದರು. ಪಾಪ, ಅವರ ಹಣೆಯೆಲ್ಲ ಬೆವರಿತ್ತು.

ನಮ್ಮ ಕಿಟಕಿಯಿಂದ ಏನು ಕಾಣುತ್ತದೆ ಎಂದು ಆಗಿನಿಂದ ಯೋಚಿಸುತ್ತಲೇ ಇದ್ದೇನೆ. ಬೇಕರಿಯ ಬೋರ್ಡು, ಬಸ್ ನಿಲ್ದಾಣದ ತಗಡಿನ ಚಾವಣಿ, ಗೋಡೆ ಬಿರಿದ ದಂತವೈದ್ಯರ ಕ್ಲಿನಿಕ್ಕು. ಇಷ್ಟು ಬರೆದರೆ ಸಾಕು, ಅಂಚೆಯವನಿಗಿಂತ ಚೆನ್ನಾಗಿ ಅವನು ಮನೆ ಹುಡುಕುತ್ತಾನೆ. ಆ ಮನೆಗೆ ನಾವು ಇನ್ನು ಹೋಗುವುದಿಲ್ಲ. ಇವತ್ತು ಹೆಡ್‌ಮೇಡಮ್ ಮನೆಯಲ್ಲೇ ಉಳಿಯುತ್ತೇವೆ. ಮಗುವನ್ನು ಬೈಯಬಾರದು ಎಂದು ಗಟ್ಟಿ ಮನಸ್ಸು ಮಾಡಿದ್ದೇನೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿದಾಗಲೆಲ್ಲ ಪೆನ್ನು ಕೆಳಗಿಡುತ್ತಿದ್ದೇನೆ.

ಈ ಕಾಗದ ಅಂಚೆಗೆ ಹಾಕುತ್ತಿಲ್ಲ. ಗ್ರಂಥಾಲಯದ ಪುಸ್ತಕದ ವ್ಯಾನು ಇವತ್ತು ನಿಮ್ಮ ಕಡೆಗೇ ಹೊರಟಿದೆ, ಡ್ರೈವರಣ್ಣ ನಿನ್ನ ಕೈಗೇ ಕೊಡುತ್ತಾರೆ. ನಂಬಿಕಸ್ಥರು. ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳು. ನೀನು ಹೆದರಬೇಡ ಎಂದು ಹೇಳಲು ನನಗೆ ಬಾಯಿಲ್ಲ, ಆದರೂ ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಆಶೀರ್ವಾದವೊಂದು ನಮ್ಮ ತಲೆಯ ಮೇಲಿರಲಿ.

ನಿನ್ನ ಮಗಳು

ವಿ.ಸೂ.: ಅಮ್ಮಾ, ಇದನ್ನೇ ಮೊದಲು ಬರೆಯಬೇಕಿತ್ತು, ಈಗಷ್ಟೇ ತಿಳಿಯಿತು. ಅವಳು ಬಂದಳು. ಕೇಳಿದೆ. "ಅದು ಅಪ್ಪ ಅಂತ ನಂಗೊತ್ತಿತ್ತು ಅಮ್ಮ. ನಿಂಗೆ ಹೇಳಿದ್ರೆ ಮತ್ತೆ ಊರು ಬಿಡ್ಬೇಕಾಗುತ್ತೆ ಅಂತ ಹೇಳ್ಲಿಲ್ಲ. ನಮ್ಮ ಕಿಟಕಿ ಬರೀಲಿಲ್ಲ, ಸುಳ್ಳು ಬರ್ದೆ" ಅಂದಳು. ಜೀವ ಬಂದಂತಾಗಿ ತಬ್ಬಿಕೊಂಡೆ. ಏನು ಸುಳ್ಳು ಬರೆದೆ ಕಂದಾ ಎಂದರೆ, ಎದುರಿಗೆ ಗಡಿಯಾರ ರಿಪೇರಿ ಅಂಗಡಿ, ಅದರ ಮೇಲೆ ಮುಳ್ಳಿಲ್ಲದ ದೊಡ್ಡ ಗಡಿಯಾರ, ಪಕ್ಕದಲ್ಲಿ ನೀಲಿ ಕಬ್ಬಿಣದ ಮೆಟ್ಟಿಲು ಎಂದಳು. ರಜೆಯಲ್ಲಿ ದಿನವೂ ನೋಡಿದ್ದು, ಅದೇ ನೆನಪಿಗೆ ಬಂತಂತೆ. ಅದು ದೊಡ್ಡಮ್ಮನ ಮನೆಯ ಕಿಟಕಿ, ಅಮ್ಮಾ. ದೊಡ್ಡಮ್ಮ ಇರುವ ಊರು ಅವನಿಗೆ ಗೊತ್ತಿತ್ತು, ಬೀದಿ ಗೊತ್ತಿರಲಿಲ್ಲ. ಅವಳು ಉತ್ತರ ಕೊಟ್ಟದ್ದು ನಿನ್ನೆ. ನಿಮ್ಮ ಊರಿನ ಠಾಣೆಗೂ ಫೋನ್ ಮಾಡಿಸಿದೆ, "ನೋಡೋಣ" ಅಂದರು. ನೀನು ಕಾಯಬೇಡ. ಡ್ರೈವರಣ್ಣ ವ್ಯಾನನ್ನು ಹಿತ್ತಲಿಗೇ ತಂದು ನಿಂತಿರುತ್ತಾರೆ, ನಿಮ್ಮನ್ನು ಎಲ್ಲಿ ಇಳಿಸಬೇಕು ಎಂದು ಅವರಿಗೆ ಹೇಳಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಏನನ್ನೂ ತೆಗೆದುಕೊಳ್ಳಬೇಡ, ದೊಡ್ಡಮ್ಮನ ಕೈ ಹಿಡಿದು ಹಿತ್ತಲ ಬಾಗಿಲಿನಿಂದ ಹೊರಟು ವ್ಯಾನ್ ಹತ್ತು. ಅವನು ಬಂದಿದ್ದಾನೋ ಇಲ್ಲವೋ ಎಂದು ನೋಡಲು ಕಿಟಕಿಯ ಹತ್ತಿರ ಮಾತ್ರ ಹೋಗಬೇಡ.